ಹುದುಗು

ರೊಟ್ಟಿಯನ್ನು ಬಾಗಿಲಾಚೆಯೇ ಇಡು, ಲಮಾರಾ.
ಗೊತ್ತು, ಬೆಳಗಿನ ಜಾವದ್ದು, ಇನ್ನೂ ಬಿಸಿ,
ದೋಣಿಯಂಥ ಅದರ ತುದಿ ಮುರಿದು
ಗಂಡನ ಮೂಗಿನ ಹತ್ತಿರ ಹಿಡಿದರೆ
ಕಣ್ಣು ಬಿಟ್ಟಾನು ಅಂತ ನಿನ್ನ ಲೆಕ್ಕ.
ಕುಂಡದ ಗಿಡವನ್ನೂ ಅಲ್ಲೇ ಇಡು,
ಮಣ್ಣಿಗೆ ಇಲ್ಲಿ ಒಳಗೆ ಬರಲು ಅಪ್ಪಣೆಯಿಲ್ಲ.

ನಾನು ತ್ಸಿಯಾಲಾ, ರಾತ್ರಿ ಪಾಳಿಯ ದಾದಿ.
ಆರನೇ ಹಾಸಿಗೆ ನನ್ನದು,
ಅಂದರೆ ನಿನ್ನ ಜೆಮಾಲ್‌ನದು.

ಕುತೈಸಿಯ ಹಳೇ ಸೇತುವೆಯ ಮಗ್ಗುಲಲ್ಲಿ
ಮೂವತ್ತೆಂಟು ವರ್ಷ ಒಲೆಯ ಬಾಯಿಗೆ ಬಗ್ಗಿ
ಒಳಗೋಡೆಗೆ ರೊಟ್ಟಿ ಬಡಿದವನು,
ಉಗುರ ಸಂದಿಯಲ್ಲಿ ಹುಳಿಹಿಟ್ಟು ಹೊತ್ತೇ
ಮದುವೆಗೂ ಬಂದಿದ್ದನಂತೆ, ನೀನೇ ನಕ್ಕು ಹೇಳಿದ್ದು.
ಅವನಿಗೆ ಗೊತ್ತು,
ಬೆಚ್ಚಗಿನ ಮೂಲೆ, ಚೂರು ಸಿಹಿ, ಕೇಳುವವರಿಲ್ಲದ ಇರುಳು
ಇಷ್ಟಿದ್ದರೆ ಸಾಕು, ಕರೆಯದೆ ಬರುತ್ತದೆ;
ಬಟ್ಟೆ ಮುಚ್ಚಿ ಮಲಗಿ ಎದ್ದರೆ
ಪಾತ್ರೆಯಂಚು ಮೀರಿರುತ್ತದೆ.

ಈಗ ಪಾತ್ರೆ ಅವನೇ.

ಕರುಳು ಒಡೆದು ಬಂದ. ಎರಡು ಸಲ ತೆರೆದು ಹೊಲಿದರು.
ಕೀವಿಗೆಂದು ಕೊಟ್ಟ ಮದ್ದು
ಕಳ್ಳರ ಜೊತೆ ನೆರೆಹೊರೆಯನ್ನೂ ಓಡಿಸಿತು;
ಖಾಲಿ ಬಿದ್ದ ಕೇರಿಗೆ ಯಾರು ಬರುತ್ತಾರೆ ಹೇಳು?
ಬಾಯಲ್ಲಿ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ
ಎಷ್ಟೋ ವರ್ಷ ಬಾಲ ಮುದುರಿ ಬಿದ್ದುಕೊಂಡಿದ್ದಕ್ಕೆ
ಕತ್ತಿಗೆ ಚುಚ್ಚಿದ ನಳಿಕೆ ಈಗ ಏಣಿಯಾಗಿ ಕಾಣುತ್ತದೆ.
ಇಳಿದರೆ ನೆತ್ತರು. ಅಲ್ಲಿಂದ ಕಣ್ಣು, ಗುಂಡಿಗೆ.
ಹುದುಗಿದ್ದದ್ದು ಹುದುಗುತ್ತದೆ.

ಅದಕ್ಕೇ ನನ್ನ ಈ ಚಿಲ್ಲರೆ ಕೆಲಸಗಳು.
ಅವನ ಕಟ್ಟಿಸಿದ ಹಲ್ಲುಗಳನ್ನು
ಬಟ್ಟಲಿಂದೆತ್ತಿ ಉಜ್ಜುತ್ತೇನೆ, ಅವು ನನ್ನ ನೋಡಿ ನಗುತ್ತವೆ.
ಒಬ್ಬರ ತೋಳಿಗೆ ಕಟ್ಟಿದ ಪಟ್ಟಿ ಇನ್ನೊಬ್ಬರಿಗಿಲ್ಲ.
ಮುಟ್ಟುವ ಮುನ್ನ ಕೈ, ಮುಟ್ಟಿದ ಮೇಲೆ ಕೈ,
ಪರದೆ ಸರಿಸಿದರೂ ಕೈ.
ಮೊನ್ನೆ ಮಗಳು ನನ್ನ ಅಂಗೈ ಸವರಿ
'ಅಮ್ಮಾ, ಉಪ್ಪುಕಾಗದ' ಅಂದಳು.

ಪಕ್ಕದ ವಾರ್ಡಿನಲ್ಲಿ ಗೋಡೆ ಒಡೆಯುತ್ತಿದ್ದಾರಲ್ಲ,
ಆ ಧೂಳಿಗೂ ಬೀಜವಿದೆ, ಶ್ವಾಸದಲ್ಲಿ ಮೊಳೆಯುವಂಥದು.
ಮೇಸ್ತ್ರಿ ಮಾಲ್ಖಾಜ್ ಜೊತೆ ಜಗಳವಾಡಿದೆ.
ಹುಚ್ಚಿ ಅಂದ. ಮರುದಿನ ತಾನೇ
ಪ್ಲಾಸ್ಟಿಕ್ ಹಾಳೆ ಹೊತ್ತು ಬಂದು
ಸಂದುಗೊಂದಿಗೆಲ್ಲ ಅಂಟುಪಟ್ಟಿ ಬಡಿದ,
ಅವನ ತಾಯಿಯೂ ಒಮ್ಮೆ ಇಲ್ಲೇ ಮಲಗಿದ್ದಳಂತೆ.

ಕಳೆದ ಚಳಿಗಾಲ, ನಾಲ್ಕನೇ ಹಾಸಿಗೆ.
ಜ್ವರ ಇಳಿಯಲೇ ಇಲ್ಲ.
ರಕ್ತ ತುಂಬಿಟ್ಟ ಸೀಸೆಯಲ್ಲಿ
ಮೂರನೇ ದಿನ ಅದು ತಲೆಯೆತ್ತಿತು,
ಅಷ್ಟರಲ್ಲಿ ಹಾಸಿಗೆಗೆ ಹೊಸ ಹೊದಿಕೆ ಹಾಸಿಯಾಗಿತ್ತು.
ಯಾರ ಕೈಯಿಂದ ಬಂತು? ಗೊತ್ತಿಲ್ಲ.
ನನ್ನದೇ ಇರಬಹುದು.
ಅವಳ ಹೆಸರನ್ನು ಯಾರ ಮುಂದೂ ಎತ್ತುವುದಿಲ್ಲ;
ಕಂಬಿ ಒರೆಸುವಾಗ ಮಾತ್ರ, ಮೆಲ್ಲಗೆ.

ದಿನಾ ಬೆಳಿಗ್ಗೆ ಡಾಕ್ಟರ್ ಬೆಸೊಗೆ ಒಂದೇ ಪ್ರಶ್ನೆ:
ಈ ನಳಿಕೆ ಇವತ್ತು ಬೇಕೇ?
ಈ ಮದ್ದು ಇವತ್ತೂ ಬೇಕೇ?
ಹುಡುಗ ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ.
ಹನ್ನೊಂದನೇ ದಿನ 'ಸರಿ, ತೆಗಿ' ಅಂದ.
ತೆಗೆದು, ಬೆರಳೊತ್ತಿ ಐದು ನಿಮಿಷ ನಿಂತೆ;
ಕತ್ತಿನ ನಾಡಿ ಬೆರಳಿಗೆ ಬಡಿಯುತ್ತಿತ್ತು
ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ.

ನಿನ್ನೆ ಪ್ರಯೋಗಶಾಲೆಯ ಚೀಟಿ ಬಂತು:
ಏನೂ ಬೆಳೆದಿಲ್ಲ.
ನಿಮ್ಮ ಒಲೆಯ ಮುಂದೆ ಯಾರಾದರೂ ಹಾಗಂದರೆ
ಅವತ್ತಿನ ವ್ಯಾಪಾರವೇ ಮುಳುಗಿತು.
ನಾನು ಎರಡು ಸಲ ಓದಿ, ಮಡಚಿ,
ಫೈಲಿಗೆ ಹಾಕಿದೆ. ಆಗದೇ ಹೋದದ್ದಕ್ಕೆ
ಯಾರೂ ಮೇಣದಬತ್ತಿ ಹಚ್ಚುವುದಿಲ್ಲ.

ಇನ್ನೂ ಕಣ್ಣು ಬಿಟ್ಟಿಲ್ಲ, ಸುಳ್ಳು ಹೇಳಲಾರೆ.
ನಾಳೆ ಬೇರೇನು ಬರುತ್ತದೋ.
ನಿನ್ನ ರೊಟ್ಟಿ ಆರುತ್ತಿದೆ, ಲಮಾರಾ.
ನನ್ನ ಪಾಳಿ ಮುಗಿಯಿತು, ಹಸಿವು.
ಒಂದು ತುಂಡು ಮುರಿದಿಡು,
ತಾಳು, ಕೈ ತೊಳೆದು ಬಂದೆ.